ಒಂದು ಕೈಯ ಬ್ಯಾಕ್‌ಹ್ಯಾಂಡ್, ಹದಿನೆಂಟು ಅಡಿಯ ಅಂಕಣ: ರೋಹನ್ ಬೋಪಣ್ಣ ಆಟದ ದೌರ್ಬಲ್ಯ ಕುರಿತು

ಟೆನಿಸ್ ಆಟಗಾರನ ದೌರ್ಬಲ್ಯವನ್ನು ಹೊಡೆತದಲ್ಲಷ್ಟೇ ಹುಡುಕುವುದು ರೂಢಿ. ಕೊಡಗಿನ ರೋಹನ್ ಬೋಪಣ್ಣ ಅವರ ವಿಷಯದಲ್ಲಿ ಈ ರೂಢಿ ಸಾಲದು. ಸಿಂಗಲ್ಸ್‌ನಲ್ಲಿ ಅವರು ಮುಟ್ಟಿದ ಅತ್ಯುತ್ತಮ ರ‍್ಯಾಂಕಿಂಗ್ 213, ಅದು 2007ರಲ್ಲಿ. ಡಬಲ್ಸ್‌ನಲ್ಲಿ 2024ರ ಜನವರಿಯಲ್ಲಿ, 43ನೆಯ ವಯಸ್ಸಿಗೆ, ವಿಶ್ವದ ಮೊದಲ ಸ್ಥಾನ. ಬ್ಯಾಕ್‌ಹ್ಯಾಂಡ್ ಎರಡರಲ್ಲೂ ಒಂದೇ.

ಒಂದು ಕೈಯ ಬ್ಯಾಕ್‌ಹ್ಯಾಂಡ್‌ನ ಕಷ್ಟ ಇರುವುದು ಭುಜದ ಎತ್ತರಕ್ಕೆ ಪುಟಿದ ಚೆಂಡಿನಲ್ಲಿ. ಇನ್ನೊಂದು ಕೈಯ ಆಸರೆಯಿಲ್ಲದ್ದರಿಂದ ಚೆಂಡನ್ನು ಮೈಯಿಂದ ಸಾಕಷ್ಟು ಮುಂದೆಯೇ ಎದುರಿಸಬೇಕು. ಒಂದು ಹೆಜ್ಜೆ ತಡವಾದರೂ ರ‍್ಯಾಕೆಟ್‌ನ ಮುಖ ಮೇಲಕ್ಕೆ ತೆರೆದುಕೊಂಡು ಚೆಂಡು ತೇಲುತ್ತದೆ. ಆಗ ಉಳಿಯುವ ದಾರಿ ಸ್ಲೈಸ್. ಸಿಂಗಲ್ಸ್ ಅಂಕಣದ ಅಗಲ 27 ಅಡಿ, ಕಾಯುವವನು ಒಬ್ಬನೇ. ನಿಧಾನಕ್ಕೆ ಬರುವ ಆ ಸ್ಲೈಸ್ ಮೇಲೆ ಎದುರಾಳಿ ಮುನ್ನುಗ್ಗಿದನೆಂದರೆ ಮುಂದಿನ ಚೆಂಡಿಗಾಗಿ ಓಡಲೇಬೇಕು. ಡಬಲ್ಸ್‌ನಲ್ಲಿ 36 ಅಡಿಯನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ತಲಾ 18 ಅಡಿ. ಆರಡಿ ಮೀರಿದ ಎತ್ತರದವರಿಗೆ ಇದು ಒಂದೆರಡು ಹೆಜ್ಜೆಯ ಮಾತು. ಮೊಣಕಾಲಿನ ಮೃದ್ವಸ್ಥಿ ಸವೆದು ಅಯ್ಯಂಗಾರ್ ಯೋಗದ ಮೊರೆಹೋದದ್ದನ್ನು ಬೋಪಣ್ಣ ಅವರೇ ಹೇಳಿಕೊಂಡಿದ್ದಾರೆ. ಅಂಥ ಕಾಲುಗಳಿಗೆ ಈ ಒಂಬತ್ತು ಅಡಿಯ ಉಳಿತಾಯ ಸಣ್ಣದಲ್ಲ.

ಹಾಗೆಂದು ಡಬಲ್ಸ್‌ನಲ್ಲಿ ದೌರ್ಬಲ್ಯ ಅಳಿಸಿಹೋಗುವುದಿಲ್ಲ, ಜಾಗ ಬದಲಿಸುತ್ತದೆ. ತೇಲಿದ ರಿಟರ್ನ್ ನೆಟ್ ಬಳಿ ನಿಂತವನಿಗೆ ತುತ್ತಾಗುತ್ತದೆ.

2023ರ ಯು.ಎಸ್. ಓಪನ್ ಫೈನಲ್‌ನಲ್ಲಿ ಬೋಪಣ್ಣ–ಮ್ಯಾಥ್ಯೂ ಎಬ್ಡೆನ್ ಜೋಡಿ ರಾಜೀವ್ ರಾಮ್–ಜೋ ಸಾಲಿಸ್‌ಬರಿ ಜೋಡಿಗೆ 6–2, 3–6, 4–6ರಿಂದ ಸೋತಿತು. ಗೆದ್ದವರ ಗೇಮ್ 14, ಸೋತವರದು 13. ಮೊದಲ ಸೆಟ್‌ನಲ್ಲಿ ಬೋಪಣ್ಣ ಜೋಡಿ ಎದುರಾಳಿಗಿಂತ ಎರಡು ಬ್ರೇಕ್ ಹೆಚ್ಚು ಪಡೆದಿತ್ತು. ಮೂರನೆಯದರಲ್ಲಿ ಒಂದು ಬ್ರೇಕ್ ಹಿಂದುಳಿಯಿತು. ಸರ್ವ್ ಸರದಿ ಸಮನಾಗಿರುವ 6–4ರ ಸೆಟ್ ಇದಕ್ಕಿಂತ ಹೆಚ್ಚಿನ ಅಂತರವನ್ನು ಹೇಳಲಾರದು. ಒಂದೇ ಸರ್ವ್ ಗೇಮಿನ ಅಂತರಕ್ಕೆ ಒಬ್ಬರ ಒಂದು ಹೊಡೆತವನ್ನು ಹೊಣೆ ಮಾಡುವುದು ವಿಶ್ಲೇಷಣೆಯಲ್ಲ, ಅವಸರದ ತೀರ್ಪು. ಅದೇ ಮೂರನೆಯ ಸೆಟ್‌ನಲ್ಲಿ, ಚೆಂಡು ತಮ್ಮ ತೋಳು ಸವರಿ ದಾಟಿತೆಂದು ಅಂಪೈರ್‌ಗೆ ತಾವಾಗಿಯೇ ತಿಳಿಸಿ ಬೋಪಣ್ಣ ಅಂಕ ಬಿಟ್ಟುಕೊಟ್ಟರು. ಕಳೆದುಕೊಂಡ ಅಂಕಗಳ ಪಟ್ಟಿಯಲ್ಲಿ ಅದೂ ಸೇರುತ್ತದೆ. ಅದನ್ನು ದೌರ್ಬಲ್ಯದ ಲೆಕ್ಕಕ್ಕೆ ಹಾಕುವಂತಿಲ್ಲ.

ನಾಲ್ಕು ತಿಂಗಳ ಬಳಿಕ ಮೆಲ್ಬರ್ನ್‌ನಲ್ಲಿ ಇದೇ ಜೋಡಿ ಸಿಮೋನೆ ಬೊಲೆಲ್ಲಿ–ಆಂಡ್ರಿಯಾ ವಾವಾಸೋರಿ ಜೋಡಿಯನ್ನು 7–6, 7–5ರಿಂದ ಮಣಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದಿತು. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಒಂದು ಅಂಕವೂ ದಕ್ಕಲಿಲ್ಲ.