ಸಮುದಾಯ ಕಾಲೇಜಿನಲ್ಲಿ ಮಾನವಿಕ ಅಧ್ಯಯನ: ಶುಲ್ಕ ಕಡಿಮೆ, ಎಚ್ಚರ ಅಗತ್ಯ

ಅಮೆರಿಕದಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಭಾಷೆ, ಕಲಾ ಇತಿಹಾಸ ಮೊದಲಾದ ಮಾನವಿಕ ವಿಷಯಗಳನ್ನು ಓದಬಯಸುವವರು ನೇರವಾಗಿ ವಿಶ್ವವಿದ್ಯಾಲಯವನ್ನೇ ಸೇರಬೇಕೆಂದಿಲ್ಲ. ಮೊದಲ ಎರಡು ವರ್ಷಗಳ ವ್ಯಾಸಂಗವನ್ನು ಸಮುದಾಯ ಕಾಲೇಜಿನಲ್ಲಿ ಮುಗಿಸಿ, ಉಳಿದೆರಡು ವರ್ಷಗಳಿಗೆ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಳ್ಳಲು ಅವಕಾಶವಿದೆ.

ಭಾರತದಲ್ಲಿ ಇದೇ ಹೆಸರಿನಲ್ಲಿ ಯುಜಿಸಿ 2013ರಲ್ಲಿ ರೂಪಿಸಿದ ಯೋಜನೆ ಮುಖ್ಯವಾಗಿ ಕೌಶಲ ತರಬೇತಿಗೆ ಸಂಬಂಧಿಸಿದ್ದು. ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ವೃತ್ತಿ ತರಬೇತಿಯ ಜೊತೆಗೆ ಪದವಿಯ ಪೂರ್ವಾರ್ಧವೂ ಲಭ್ಯ.

ಹಿನ್ನೆಲೆ

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಆರಂಭವಾದ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿರುವ ಇಂತಹ ಸಾರ್ವಜನಿಕ ಸಂಸ್ಥೆಗಳಲ್ಲಿ ಅತ್ಯಂತ ಹಳೆಯದು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗದ 1947ರ ವರದಿಯ ನಂತರ ‘ಸಮುದಾಯ ಕಾಲೇಜು’ ಎಂಬ ಹೆಸರು ವ್ಯಾಪಕವಾಗಿ ಬಳಕೆಗೆ ಬಂತು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಗಳಿಸಿದ ಮೊದಲ ಕಪ್ಪು ಜನಾಂಗದ ಲೇಖಕಿ, ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ 1936ರಲ್ಲಿ ಪದವಿ ಪಡೆದಿದ್ದು ಷಿಕಾಗೋದ ಇಂತಹುದೇ ಎರಡು ವರ್ಷಗಳ ಕಾಲೇಜಿನಲ್ಲಿ.

ಪದವಿ ಮತ್ತು ಶುಲ್ಕ

ಸುಮಾರು 60 ಸೆಮಿಸ್ಟರ್ ಕ್ರೆಡಿಟ್‌ಗಳನ್ನು ಪೂರೈಸಿದವರಿಗೆ ‘ಅಸೋಸಿಯೇಟ್’ ಪದವಿ ದೊರೆಯುತ್ತದೆ. 116 ಸಮುದಾಯ ಕಾಲೇಜುಗಳಿರುವ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿವಾಸಿಗಳಿಗೆ 2012ರಿಂದ ಪ್ರತಿ ಕ್ರೆಡಿಟ್‌ಗೆ 46 ಡಾಲರ್ ಶುಲ್ಕ ನಿಗದಿಯಾಗಿದೆ. ಅಂದರೆ 60 ಕ್ರೆಡಿಟ್‌ಗಳಿಗೆ ತಗಲುವ ಬೋಧನಾ ಶುಲ್ಕ 2,760 ಡಾಲರ್. ಪುಸ್ತಕ ಹಾಗೂ ವಸತಿಯ ವೆಚ್ಚ ಇದರಲ್ಲಿ ಸೇರಿಲ್ಲ. ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ತೆರಳುವವರಿಗೆ ಈ ದರ ಅನ್ವಯಿಸುವುದಿಲ್ಲ. ಅವರು ತೆರಬೇಕಾದ ಶುಲ್ಕ ಹಲವು ಪಟ್ಟು ಹೆಚ್ಚು.

ವರ್ಗಾವಣೆಯ ತೊಡಕು

ಈ ಮಾರ್ಗದ ನಿಜವಾದ ಪರೀಕ್ಷೆ ಎದುರಾಗುವುದು ವರ್ಗಾವಣೆಯ ಹಂತದಲ್ಲಿ. ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನೆಲ್ಲ ಮತ್ತೊಂದು ಸಂಸ್ಥೆ ಒಪ್ಪಿಕೊಳ್ಳಬೇಕೆಂಬ ನಿಯಮವಿಲ್ಲ. 2004ರಿಂದ 2009ರ ಅವಧಿಯಲ್ಲಿ ವಿವಿಧ ಬಗೆಯ ಕಾಲೇಜುಗಳ ನಡುವೆ ವರ್ಗಾವಣೆಗೊಂಡ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡಿದ್ದರೆಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಓದಿದ ವಿಷಯವನ್ನೇ ಮತ್ತೆ ಓದಬೇಕಾಗಿ ಬಂದರೆ ಉಳಿಸಿದ ಹಣವೂ ಸಮಯವೂ ವ್ಯರ್ಥ.

ಮಾನವಿಕ ವಿದ್ಯಾರ್ಥಿಗಳಿಗೆ ಈ ತೊಡಕು ಇನ್ನಷ್ಟು ಸೂಕ್ಷ್ಮ. ಸಾಹಿತ್ಯ ಅಥವಾ ತತ್ತ್ವಶಾಸ್ತ್ರದ ಒಂದು ಪತ್ರಿಕೆಯನ್ನು ವಿಶ್ವವಿದ್ಯಾಲಯವು ಸಾಮಾನ್ಯ ಶಿಕ್ಷಣದ ಲೆಕ್ಕಕ್ಕೆ ಸೇರಿಸಿಕೊಂಡು, ಮುಖ್ಯ ವಿಷಯದ ಲೆಕ್ಕಕ್ಕೆ ನಿರಾಕರಿಸಬಹುದು. ಆಗ ಕ್ರೆಡಿಟ್ ಉಳಿದರೂ ಪದವಿ ಹತ್ತಿರವಾಗುವುದಿಲ್ಲ.

ಪರಿಹಾರ ಮಾರ್ಗಗಳು

ಇದನ್ನು ತಪ್ಪಿಸಲು ಕ್ಯಾಲಿಫೋರ್ನಿಯಾ 2010ರಲ್ಲಿ ವರ್ಗಾವಣೆಗೆಂದೇ ಪ್ರತ್ಯೇಕ ಅಸೋಸಿಯೇಟ್ ಪದವಿಯನ್ನು ಜಾರಿಗೆ ತಂದಿತು. ಇಂಗ್ಲಿಷ್, ಇತಿಹಾಸ, ತತ್ತ್ವಶಾಸ್ತ್ರ, ಕಲಾ ಇತಿಹಾಸಗಳಲ್ಲಿ ಇದು ಲಭ್ಯ. ಅರ್ಹತೆ ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಪ್ರವೇಶ ಖಚಿತ. ಆದರೆ ಬಯಸಿದ ಕ್ಯಾಂಪಸ್ಸೇ ಸಿಗುವ ಭರವಸೆಯಿಲ್ಲ. 2025ರಿಂದ ರಾಜ್ಯದ ಎರಡೂ ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಗಳಿಗೆ ಅನ್ವಯಿಸುವ ಏಕರೂಪದ ಸಾಮಾನ್ಯ ಶಿಕ್ಷಣ ಮಾದರಿಯೂ ಜಾರಿಯಲ್ಲಿದೆ.

ಆದುದರಿಂದ ಕಾಲೇಜು ಸೇರುವವರು ಮೊದಲ ಸೆಮಿಸ್ಟರ್‌ನಲ್ಲಿಯೇ ಗುರಿಯ ವಿಶ್ವವಿದ್ಯಾಲಯವನ್ನು ಗುರುತಿಸಿಕೊಳ್ಳಬೇಕು. ಆಯ್ದುಕೊಳ್ಳುವ ಪ್ರತಿಯೊಂದು ಪತ್ರಿಕೆಯೂ ಅಲ್ಲಿ ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಸಲಹೆಗಾರರಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಕ್ಷೇಮ. ಪಠ್ಯಕ್ರಮದ ಪ್ರತಿಗಳನ್ನೂ ಬರೆದ ಪ್ರಬಂಧಗಳನ್ನೂ ಕಾಪಾಡಿಕೊಂಡಲ್ಲಿ, ಕ್ರೆಡಿಟ್ ನಿರಾಕರಣೆಯಾದಾಗ ಮೇಲ್ಮನವಿಗೆ ಅವೇ ಆಧಾರವಾಗುತ್ತವೆ.