ಮಧುಮೇಹ ಮತ್ತು ಹೃದ್ರೋಗ

ಮಧುಮೇಹಿಗಳ ಹೃದಯದ ಕಡೆ ವೈದ್ಯರ ಗಮನ ಗಂಭೀರವಾಗಿ ಹರಿದದ್ದು ಇನ್ಸುಲಿನ್ ಬಂದ ಮೇಲೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸುವ ಮೊದಲು ಎಳೆಯ ರೋಗಿಗಳು ಪ್ರಜ್ಞೆ ತಪ್ಪಿ ಬೇಗನೆ ಸಾಯುತ್ತಿದ್ದರು. ಆ ಸಾವು ತಪ್ಪಿ ಆಯುಷ್ಯ ಬೆಳೆದಂತೆ ರಕ್ತನಾಳಗಳ ಹಾನಿ ಬಯಲಾಯಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 1974ರ ವರದಿಯಲ್ಲಿ ಮಧುಮೇಹಿ ಗಂಡಸರಿಗೆ ಹೃದಯ ವೈಫಲ್ಯದ ಅಪಾಯ ಸುಮಾರು ಎರಡು ಪಟ್ಟು, ಹೆಂಗಸರಿಗೆ ಐದು ಪಟ್ಟು ಎಂದಿತ್ತು. ಅದಕ್ಕೂ ಎರಡು ವರ್ಷ ಮುಂಚೆ ರೂಬ್ಲರ್ ಮತ್ತು ಸಂಗಡಿಗರು, ಹೃದಯದ ದೊಡ್ಡ ರಕ್ತನಾಳಗಳು ಕಟ್ಟಿಕೊಳ್ಳದಿದ್ದರೂ ಹೃದಯದ ಸ್ನಾಯುವೇ ಸೋತಿದ್ದ ನಾಲ್ವರು ಮಧುಮೇಹಿಗಳ ಶವಪರೀಕ್ಷೆಯನ್ನು ವರದಿ ಮಾಡಿದ್ದರು.

ಏರಿದ ಸಕ್ಕರೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ಕೊಬ್ಬು ಸೇರಿ ನಾಳ ಕಿರಿದಾಗುತ್ತದೆ. ಹೃದಯದ ನರಗಳೂ ಮಂದವಾಗುವುದು ಇನ್ನೊಂದು ಕೇಡು. ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದು: ತಣ್ಣನೆ ಬೆವರು, ಏದುಸಿರು, ಹೊಟ್ಟೆ ತೊಳಸು, ವಿಪರೀತ ಸುಸ್ತು. ಮನೆಯವರು ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಸಕ್ಕರೆ ಇಳಿಸಿದರೆ ಹೃದಯ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಬಿ.ಪಿ. ಹತೋಟಿಯಿಂದ ಪಾರ್ಶ್ವವಾಯು 44% ಇಳಿಯಿತು. ಸಕ್ಕರೆ ಹತೋಟಿಯಿಂದ ಹೃದಯಾಘಾತ ಇಳಿದದ್ದು ಮಾತ್ರ ಖಚಿತವಾಗಲಿಲ್ಲ. 2008ರಲ್ಲಿ ಅಮೆರಿಕ ಮತ್ತು ಕೆನಡಾದ ಅಕಾರ್ಡ್ ಪ್ರಯೋಗ ಇನ್ನೂ ದೊಡ್ಡ ಪೆಟ್ಟು ಕೊಟ್ಟಿತು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿಯನ್ನು 6%ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲೇ ಸಾವು ಹೆಚ್ಚಿ, ಆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇದಕ್ಕೆ ಎದುರಾಗಿ, ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನ ಕೇವಲ 160 ಮಂದಿಯಲ್ಲಿ ಸಕ್ಕರೆ, ಬಿ.ಪಿ., ಕೊಲೆಸ್ಟರಾಲ್ ಮೂರನ್ನೂ ಒಟ್ಟಿಗೆ ಹಿಡಿತಕ್ಕೆ ತಂದು, ಹೃದಯ ಮತ್ತು ರಕ್ತನಾಳಗಳ ತೊಂದರೆಯನ್ನು ಅರ್ಧದಷ್ಟು ತಗ್ಗಿಸಿತ್ತು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಬಿ.ಪಿ. ಮಾತ್ರೆ, ತಂಬಾಕು ಬಿಡುವುದು, ನಡಿಗೆ ಇವೆಲ್ಲ ಸಕ್ಕರೆಯ ಮಾತ್ರೆಯಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮುಂದಿನ ತಿರುವಿನ ಬೇರು ಸೇಬಿನ ಮರದಲ್ಲಿದೆ. ಅದರ ಬೇರಿನ ತೊಗಟೆಯಿಂದ 1835ರಲ್ಲಿ ಸಿಕ್ಕ ಫ್ಲೋರಿಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುತ್ತದೆ. ಅದೇ ದಾರಿ ಹಿಡಿದು ತಯಾರಾದ ಎಂಪಾಗ್ಲಿಫ್ಲೋಜಿನ್, 2015ರ ಪ್ರಯೋಗದಲ್ಲಿ ಹೃದ್ರೋಗವೂ ಇದ್ದ ಮಧುಮೇಹಿಗಳ ಹೃದಯಸಂಬಂಧಿ ಸಾವನ್ನು 38% ತಗ್ಗಿಸಿತು. ಅದೇ ಗುಂಪಿನ ಡಪಾಗ್ಲಿಫ್ಲೋಜಿನ್ 2019ರಲ್ಲಿ ಮಧುಮೇಹವೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಗುಣ ತೋರಿತು.