ಕಿಡಿಯ ಹಿಂದಿನ ಸುರುಳಿ

ಒಲೆ ಹೊತ್ತಿಸುವುದು ತಲೆಮಾರುಗಳಿಂದ ಹೆಂಗಸರ ಕೆಲಸ. ಸೌದೆ ಹಸಿಯೋ ಒಣಗಿದೆಯೋ ಎಂಬುದನ್ನು ಕೈಯಲ್ಲಿ ಹಿಡಿದೇ ಹೇಳುವವರು ನಾವು. ಕಡ್ಡಿ ಗೀರಿದಾಗ ಬೆಂಕಿ ಹತ್ತದಿದ್ದರೆ ತಪ್ಪು ಕಡ್ಡಿಯದೋ, ಪೆಟ್ಟಿಗೆಯದೋ, ಬೀಸುವ ಗಾಳಿಯದೋ ಎಂದು ಒಂದು ಗಳಿಗೆಯಲ್ಲಿ ತಿಳಿದುಬಿಡುತ್ತೇವೆ. ಆದರೆ ಅಂಗಳದಲ್ಲಿ ನಿಂತ ಕಾರಿನ ಹೊಟ್ಟೆಯಲ್ಲೂ ಅಂಥದೇ ಒಂದು ಒಲೆಯಿದೆ, ಅದಕ್ಕೂ ಕಡ್ಡಿ ಗೀರುವ ಸಾಧನವೊಂದಿದೆ ಎಂದರೆ, 'ಅದೆಲ್ಲ ಗಂಡಸರಿಗೆ ಬಿಟ್ಟಿದ್ದು' ಎಂದು ಒಳಗೆ ಹೋಗಿಬಿಡುತ್ತೇವೆ. ಬಾನೆಟ್ ಎತ್ತಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಸರಿಮಾಡಿಕೊಂಡು ನಿಲ್ಲುವುದನ್ನು ನಮಗೆ ಯಾರು ಕಲಿಸಿದರೋ! ಇತಿಹಾಸದಲ್ಲಿ ನೋಡಿದರೆ, ಕಾರನ್ನು ಮೊಟ್ಟಮೊದಲು ದೂರದ ಊರಿಗೆ ಓಡಿಸಿದವಳೂ, ಅದರ ಕಿಡಿಯ ತಂತಿಯನ್ನು ನಡುದಾರಿಯಲ್ಲಿ ಸರಿಪಡಿಸಿದವಳೂ ಒಬ್ಬ ಹೆಣ್ಣುಮಗಳೇ.

ಅವಳ ಹೆಸರು ಬೆರ್ಥಾ ಬೆಂಜ್. ಜರ್ಮನಿಯ ಮ್ಯಾನ್‌ಹೈಮ್ ಊರಿನವಳು. ಮದುವೆಗೆ ಮುಂಚೆಯೇ ತವರಿನಿಂದ ವರದಕ್ಷಿಣೆಯ ಹಣ ತರಿಸಿ, ಮುಳುಗುತ್ತಿದ್ದ ಭಾವೀ ಗಂಡನ ಕಾರ್ಖಾನೆಯನ್ನು ಉಳಿಸಿದವಳು. ಗಂಡ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಪಡೆದ. ಆದರೆ ಜನಕ್ಕೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. 1888ರ ಆಗಸ್ಟಿನ ಒಂದು ಬೆಳಗ್ಗೆ ಬೆರ್ಥಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಬಂಡಿ ಹೊರಡಿಸಿಬಿಟ್ಟಳು. ನಮ್ಮ ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದು, ಮೇಲೆ ಇನ್ನೂ ಒಂದಿಷ್ಟು ದೂರ ಹೋದ ಹಾಗೆ. ದಾರಿಯಲ್ಲಿ ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರತೊಡಗಿದಾಗ ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿದಳು. ಪಿನ್ನು, ಪಟ್ಟಿ — ಇವು ಯಾವ ಗ್ಯಾರೇಜಿನ ಸಲಕರಣೆಗಳೂ ಅಲ್ಲ. ಮೈಮೇಲಿದ್ದ ವಸ್ತುಗಳಿಂದಲೇ ಕೆಲಸ ಸಾಗಿತು, ಏಕೆಂದರೆ ಬಂಡಿ ಹೇಗೆ ನಡೆಯುತ್ತದೆಂಬುದು ಅವಳಿಗೆ ಗೊತ್ತಿತ್ತು.

ಆ ಕಿಡಿ ಹುಟ್ಟುವುದಾದರೂ ಹೇಗೆ? ಇಲ್ಲಿ ಸ್ವಲ್ಪ ವಿಜ್ಞಾನದ ಮಾತು ಬೇಕು, ಬೇಸರಿಸಬೇಡಿ. ಕಾರಿನ ಬ್ಯಾಟರಿಯಲ್ಲಿರುವುದು 12 ವೋಲ್ಟಿನ ವಿದ್ಯುತ್ತು. ಬೆರಳಿಟ್ಟರೆ ಜುಮ್ಮೆಂದೂ ಅನ್ನಿಸದು. ಎಂಜಿನ್ನಿನೊಳಗೆ ಒತ್ತಿ ಹಿಡಿದ ಪೆಟ್ರೋಲು-ಗಾಳಿಯ ಮಿಶ್ರಣದ ನಡುವೆ ಕಿಡಿ ಹಾರಬೇಕಾದರೆ 20 ಸಾವಿರ, 30 ಸಾವಿರ ವೋಲ್ಟು ಬೇಕು. ಹನ್ನೆರಡನ್ನು ಮೂವತ್ತು ಸಾವಿರ ಮಾಡುವ ಸಾಧನವೇ ಇಗ್ನಿಷನ್ ಕಾಯಿಲ್. ಕಾಯಿಲ್ ಎಂದರೆ ಸುರುಳಿ. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಾಮ್ರದ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ನಿಲ್ಲಿಸಿದರೆ, ಆ ಗಳಿಗೆಯಲ್ಲಿ ಸಣ್ಣ ತಂತಿಯಲ್ಲಿ ಭಾರಿ ಒತ್ತಡ ಹುಟ್ಟುತ್ತದೆ. ಇದರ ಮೂಲ ತತ್ವವನ್ನು 1831ರಲ್ಲಿ ಕಂಡವನು ಮೈಕೇಲ್ ಫ್ಯಾರಡೆ. ಐದು ವರ್ಷದ ಮೇಲೆ, 1836ರಲ್ಲಿ, ಇಂಥ ಸುರುಳಿಯನ್ನು ಕಟ್ಟಿ ತೋರಿಸಿದವನು ಐರ್ಲೆಂಡಿನ ನಿಕೋಲಸ್ ಕ್ಯಾಲನ್. ಪಾದ್ರಿ, ಜೊತೆಗೆ ಕಾಲೇಜಿನ ಮೇಷ್ಟ್ರು. ಮೇಷ್ಟ್ರು ಎಂದ ಮೇಲೆ ನನಗೆ ಅವನ ಮೇಲೆ ಕೊಂಚ ಅಭಿಮಾನ ಹೆಚ್ಚು.

ನಮ್ಮ ನಾಡಿನದೇ ಒಂದು ಉದಾಹರಣೆ ಕೊಟ್ಟರೆ ಈ ಅಳತೆ ಮನಸ್ಸಿಗೆ ಹಿಡಿದೀತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು. ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್ ದೂರ ಅದನ್ನು ತಳ್ಳಲು ಬಳಸಿದ ಒತ್ತಡ ಸುಮಾರು 35 ಸಾವಿರ ವೋಲ್ಟು. ಅಲ್ಲಿ ಒತ್ತಡ ಏರಿಸಿದ್ದೂ ಎರಡು ಸುರುಳಿಗಳ ಇದೇ ಉಪಾಯ. ಅಂಗೈಯಲ್ಲಿ ಹಿಡಿಯುವ ಕಾಯಿಲ್ ಹೆಚ್ಚುಕಡಿಮೆ ಅದೇ ಒತ್ತಡವನ್ನು ನಿಮಿಷಕ್ಕೆ ಸಾವಿರಾರು ಸಲ ಹುಟ್ಟಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಸೆಕೆಂಡಿಗೆ ನೂರು ಕಿಡಿ ಬೇಕು. ಹೀಗೆ ದುಡಿಯುವ ಕಾಯಿಲ್ ಒಂದಲ್ಲ ಒಂದು ದಿನ ಸೋಲುವುದು ಸಹಜ. ಸೋಲದೆ ಇಷ್ಟು ವರ್ಷ ನಡೆಯುವುದೇ ಸೋಜಿಗ.

ಬೆರ್ಥಾಳ ಕಾಲದ ಮೇಲೆ ಈ ಕಿಡಿ ಹಲವರ ಕೈಯಲ್ಲಿ ಬೆಳೆಯಿತು. ಸ್ಟುಟ್‌ಗಾರ್ಟ್‌ನಲ್ಲಿ 1886ರಲ್ಲಿ ಸಣ್ಣ ಕಾರ್ಯಾಗಾರ ತೆರೆದ ರಾಬರ್ಟ್ ಬಾಷ್‌ನ ಬಳಿ ಕೆಲಸಕ್ಕಿದ್ದ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಬ್ಯಾಟರಿಯೇ ಬೇಡದ ಹೆಚ್ಚಿನ ಒತ್ತಡದ ಮ್ಯಾಗ್ನೆಟೋವನ್ನೂ, ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ತಂದ. 1910ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಇವನ್ನು ಹೊಂದಿಸಿದ ಏರ್ಪಾಟು ಮಾಡಿದ. 1912ರ ಕ್ಯಾಡಿಲಾಕ್ ಕಾರಿಗೆ ಅವನು ಎಲೆಕ್ಟ್ರಿಕ್ ಸ್ಟಾರ್ಟರನ್ನೂ ಕೊಟ್ಟ. ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿದ್ದರಿಂದ ಎಷ್ಟೋ ಹೆಂಗಸರು ಚಕ್ರದ ಹಿಂದೆ ಕೂರುವಂತಾಯಿತು.

ನಮ್ಮಲ್ಲಿ ಕಾರು ಮಾಡುವ ಕನಸು ಕಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಚೂಣಿಯವರು. 1930ರ ದಶಕದಲ್ಲಿ ಅವರು ಮೋಟಾರು ಕಾರ್ಖಾನೆಗೆ ಯೋಜನೆ ಬರೆದರು. ಬ್ರಿಟಿಷ್ ಸರ್ಕಾರ ಉತ್ಸಾಹ ತೋರಲಿಲ್ಲ. ಆ ಯೋಜನೆಯ ಜೊತೆ ನಿಂತ ಉದ್ಯಮಿ ವಾಲಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನ ಕಾರ್ಖಾನೆಯನ್ನು. ಕಾರಿನ ಕಂಪನಿ, ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರು ನಮ್ಮ ಕೈ ತಪ್ಪಿದರೂ ಕಾರಿನ ಕಿಡಿ ಬೆಂಗಳೂರಿಗೆ ಬಂತು. ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. 'ಮೈಕೋದಲ್ಲಿ ಕೆಲಸ' ಎಂದರೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಿರಲಿಲ್ಲ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಬೆಂಗಳೂರಿನ ಬಡಾವಣೆಯೊಂದು ಇಂದಿಗೂ ಮೈಕೋ ಲೇಔಟ್. ಅತ್ತ ಮದರಾಸಿನಲ್ಲಿ 1961ರಲ್ಲಿ ಲೂಕಾಸ್ ಟಿವಿಎಸ್ ಶುರುವಾಗಿ ಕಾರಿನ ವಿದ್ಯುತ್ ಸಾಮಾನುಗಳು ಅಲ್ಲಿಂದ ಬರತೊಡಗಿದವು.

ನಾನು ಹುಡುಗಿಯಾಗಿದ್ದಾಗ ಹೊನ್ನಾಳಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ರೈಲು ಬಾರದ ಊರು. ಮದುವೆ ದಿಬ್ಬಣವಿರಲಿ, ಹೆರಿಗೆ ನೋವಿರಲಿ, ಬಾಡಿಗೆ ಅಂಬಾಸಿಡರ್ ಕಾರೇ ಗತಿ. ಆ ಕಾರುಗಳಿಗೆ ನಾಲ್ಕು ಸಿಲಿಂಡರಿಗೂ ಸೇರಿ ಒಂದೇ ಕಾಯಿಲ್. ಚೊಂಬಿನಂಥ ಲೋಹದ ಡಬ್ಬಿ, ಒಳಗೆ ಎಣ್ಣೆ. ಅಲ್ಲಿಂದ ಡಿಸ್ಟ್ರಿಬ್ಯೂಟರಿಗೆ ಒಂದು ದಪ್ಪ ವಯರು, ಅಲ್ಲಿಂದ ಒಂದೊಂದು ಪ್ಲಗ್ಗಿಗೆ ಒಂದೊಂದು. ಜಡಿಮಳೆಯಲ್ಲಿ ಗಾಡಿ ನಿಂತರೆ ಡ್ರೈವರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸುತ್ತಿದ್ದ, ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ, ಬ್ಲೇಡು ತೂರಿಸಿ ಸಂದು ನೋಡುತ್ತಿದ್ದ. ಸಾಮಾನು ಸುಲಭಕ್ಕೆ ಸಿಗದ ಕಾಲ. ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಯಾರಾದರೂ ಹೋಗುವವರ ಕೈಯಲ್ಲಿ ಹೇಳಿಕಳಿಸಬೇಕು. ಹಾಗಾಗಿ ಇದ್ದದ್ದನ್ನೇ ಬಿಚ್ಚಿ, ತಿಕ್ಕಿ, ಮತ್ತೆ ಬಾಳಿಸುವುದೇ ಜಾಣತನವಾಗಿತ್ತು.

ಆ ಕಾಲ ಹೋಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾಗಿ, ಕಾರ್ಬೊರೇಟರ್ ಹೋಗಿ ಕಂಪ್ಯೂಟರು ಅಳೆದು ಪೆಟ್ರೋಲು ಬಿಡುವ ಪದ್ಧತಿ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ. ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿದೆ. ಸುರುಳಿಯ ಮೇಲೆ ರಾಳ ಸುರಿದು ಗಟ್ಟಿಮಾಡಿರುತ್ತಾರೆ, ಬಿಚ್ಚುವಂತಿಲ್ಲ, ತಿಕ್ಕುವಂತಿಲ್ಲ. ಕೆಟ್ಟರೆ ತೆಗೆದು ಹೊಸದು ಹಾಕುವುದೊಂದೇ ದಾರಿ. ರಿಪೇರಿಯ ಜಾಣತನ ಹೋಗಿ ಆರಿಸುವ ಜಾಣತನದ ಕಾಲ ಬಂದಿದೆ. ಕೆಟ್ಟದ್ದು ಯಾವುದು ಎಂದು ಗುರುತಿಸಬೇಕು. ಹಾಕುವುದು ಅಸಲೋ ನಕಲಿಯೋ ಎಂದು ತಿಳಿಯಬೇಕು. ಬೇಳೆ, ಚಿನ್ನ, ಸೀರೆ ಆರಿಸುವವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.

ಕಳೆದ ಮಳೆಗಾಲ ನ್ಯಾಮತಿ ಕಡೆಯಿಂದ ಬರುವಾಗ ನಮ್ಮ ಕಾರು ಏರಿನಲ್ಲಿ ಮುಗ್ಗರಿಸತೊಡಗಿತು. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ 'ಮಿಸ್ಸಿಂಗ್'. ಎಂಜಿನ್ನಿನ ಹಳದಿ ದೀಪ ಹತ್ತಿತು. ಈ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗತೊಡಗಿದರೆ ಗಾಡಿಯನ್ನು ಬದಿಗೆ ನಿಲ್ಲಿಸುವುದು ಲೇಸು. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಹೊಗೆ ಶುದ್ಧಮಾಡುವ ದುಬಾರಿ ಕನ್ವರ್ಟರನ್ನು ಸುಟ್ಟುಬಿಡುತ್ತದೆ. ನಮ್ಮದು ಮಿನುಗಲಿಲ್ಲ. ಮಾರನೆಯ ದಿನ ಭಾನುವಾರ, ಮಗಳೂ ನಾನೂ ಬಾನೆಟ್ ಎತ್ತಿದೆವು.

ಕೆಲಸ ಹೆದರುವಂಥದ್ದಲ್ಲ, ಆದರೆ ಕ್ರಮ ತಪ್ಪಬಾರದು. ಎಂಜಿನ್ನು ಪೂರ್ತಿ ತಣಿದಿರಬೇಕು, ಕೀಲಿ ತೆಗೆದಿರಬೇಕು, ಬ್ಯಾಟರಿಯ ಋಣ ತುದಿ, ಅಂದರೆ ಮೈನಸ್ ವಯರು, ಬಿಚ್ಚಿರಬೇಕು. ಓಡುವ ಎಂಜಿನ್ನಿನಲ್ಲಿ ಕಾಯಿಲ್ ಎಳೆದು ಕಿಡಿ ನೋಡುವ ಹಳೆಯ ಚಾಳಿ ಕೂಡದು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಹತ್ತಿರ ಸುಳಿಯಬಾರದು. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾಯಿಲುಗಳು ಸಾಲಾಗಿ ಕಾಣುತ್ತವೆ. ವಯರಿನ ಕ್ಲಿಪ್ಪನ್ನು ಒತ್ತಿ ಬಿಡಿಸಬೇಕು, ಜಗ್ಗಬಾರದು. ಒಂದು ಬೋಲ್ಟು ಇರುತ್ತದೆ, ಸಾಮಾನ್ಯವಾಗಿ ಹತ್ತನೇ ನಂಬರಿನ ಸ್ಪ್ಯಾನರ್ ಸಾಕು. ಕಾಯಿಲನ್ನು ಕೊಂಚ ಅತ್ತಿತ್ತ ತಿರುಗಿಸಿ ನೇರಕ್ಕೆ ಎತ್ತಿದರೆ ಬರುತ್ತದೆ. ಗುಂಡಿಯಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಕಾಯಿಲ್ ಕೆಡುವುದಕ್ಕೆ ಅದೇ ಕಾರಣ ಇರಬಹುದು. ಅದನ್ನು ಮೊದಲು ಸರಿಮಾಡಿಸಬೇಕು.

ಕೆಟ್ಟದ್ದು ಯಾವುದು ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಸ್ಕ್ಯಾನರ್ ಹಚ್ಚಿದರೆ ಪಿ 0301, ಪಿ 0302 ಎಂಬಂಥ ಸಂಖ್ಯೆ ಬರುತ್ತದೆ. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಅದರ ಕಾಯಿಲನ್ನು ಪಕ್ಕದ ಸಿಲಿಂಡರಿನ ಕಾಯಿಲಿನೊಡನೆ ಅದಲುಬದಲು ಮಾಡಿ, ಬ್ಯಾಟರಿ ಜೋಡಿಸಿ ಮತ್ತೆ ಓಡಿಸಬೇಕು. ದೋಷವೂ ಪಕ್ಕಕ್ಕೆ ಹೋದರೆ ಕಾಯಿಲೇ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ಗು, ವಯರು ಅಥವಾ ಇನ್ನೇನೋ. ನಮ್ಮಲ್ಲಿ ದೋಷ ಎರಡರಿಂದ ಮೂರಕ್ಕೆ ಹೋಯಿತು. ಮಗಳು ಚಪ್ಪಾಳೆ ತಟ್ಟಿದಳು. ನಾಲ್ಕನ್ನೂ ಬದಲಿಸಬೇಕಾಗಿರಲಿಲ್ಲ, ಒಂದು ಸಾಕಿತ್ತು. ಆದರೆ ಪ್ಲಗ್ಗುಗಳನ್ನು ನೋಡಲೇಬೇಕು. ಪ್ಲಗ್ಗಿನ ತುದಿ ಸವೆದು ಸಂದು ಅಗಲವಾದರೆ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ಒತ್ತಡ ಹುಟ್ಟಿಸಬೇಕಾಗುತ್ತದೆ. ದಣಿದು ಸೀಯುವುದು ಕಾಯಿಲ್. ಇಷ್ಟನ್ನೆಲ್ಲ ಕೇಳಿ ಡೀಸೆಲ್ ಕಾರಿನವರು ಬಾನೆಟ್ ಎತ್ತಬೇಡಿ. ಅದರಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಇಂಧನ ಹತ್ತುತ್ತದೆ, ಕಾಯಿಲೇ ಇಲ್ಲ. ವಾರಂಟಿ ಮುಗಿಯದ ಕಾರನ್ನೂ ಕಂಪನಿಯವರಿಗೇ ಬಿಡುವುದು ಕ್ಷೇಮ.

ಕೊಳ್ಳಲು ಹೋದ ಅಂಗಡಿಯಲ್ಲಿ ಒಂದು ಡಬ್ಬಿ ಮುಂದಿಟ್ಟು, "ಕಂಪನಿ ಮಾಲೇ ಮೇಡಂ, ಬಿಲ್ ಬೇಡ ಅಂದ್ರೆ ಕಡಿಮೆಗೆ ಕೊಡ್ತೀನಿ" ಎಂದರು. ಡಬ್ಬಿಯ ಮೇಲೆ ಪಾರ್ಟ್ ನಂಬರಿರಲಿಲ್ಲ, ಎಂಆರ್‌ಪಿ ಇರಲಿಲ್ಲ, ತಯಾರಿಸಿದ ತಿಂಗಳಿರಲಿಲ್ಲ. "ಬಿಲ್ ಬೇಕಪ್ಪಾ" ಎಂದು ಎದ್ದು ಬಂದೆ. ಪೇಟೆಯಲ್ಲಿ ಮೂರು ಬಗೆಯ ಮಾಲಿರುತ್ತದೆ. ಕಾರಿನ ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಕಾರಿನ ಕಂಪನಿಗೇ ಮಾಡಿಕೊಡುವ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವುದು ಎರಡನೆಯದು. ಗುಣದಲ್ಲಿ ಮೊದಲನೆಯದಕ್ಕೆ ಕಡಿಮೆಯಿಲ್ಲ, ಬೆಲೆ ಎಷ್ಟೋ ಸಲ ಕಡಿಮೆ. ಮೂರನೆಯದು ಬೇರೆಯವರ ಹೆಸರು ಕದ್ದ ನಕಲಿ. ಅದರ ಅಕ್ಷರದ ಅಚ್ಚು ಮಸುಕು, ಹೆಸರಿನ ಕಾಗುಣಿತ ತಪ್ಪು, ಹೊಲೊಗ್ರಾಮ್ ಬರೀ ಹೊಳೆಯುವ ಕಾಗದ. ಹಳೆಯ ಕಾಯಿಲನ್ನು ಚೀಲದಲ್ಲಿ ಒಯ್ದು ಅದರ ಮೈಮೇಲಿನ ನಂಬರಿಗೆ ಹೊಸದರ ನಂಬರನ್ನು ತಾಳೆ ನೋಡಿದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

'ಕಂಪನಿ ಶೋರೂಮಿನಲ್ಲಿ ಬಿಟ್ಟು ಬೇರೆಲ್ಲೂ ಸಿಗದು' ಎಂಬ ಮಾತನ್ನೂ ಸುಮ್ಮನೆ ಒಪ್ಪಬೇಕಾಗಿಲ್ಲ. ಬಿಡಿಭಾಗಗಳನ್ನು ಹೊರಗಿನ ಪೇಟೆಗೆ ಬಿಡದೆ ಗ್ರಾಹಕರನ್ನು ಕಟ್ಟಿಹಾಕಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಒಬ್ಬ ಸಾಮಾನ್ಯ ಗ್ರಾಹಕನ ದೂರಿನಿಂದ ಹೊರಟ ಪ್ರಕರಣ ಅದು. ಮೇಲ್ಮನವಿಗಳೂ ನಡೆದವು. ಆದರೂ ಬಿಡಿಭಾಗ ಎಲ್ಲರ ಕೈಗೂ ಸಿಗಬೇಕೆಂಬ ಮಾತು ಅಂದು ಗಟ್ಟಿಯಾಗಿ ಕೇಳಿಬಂತು. ನಕಲಿ ಮಾಲಿನಿಂದ ನಷ್ಟವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ.

ರಾತ್ರಿ ಹೊತ್ತಿನಲ್ಲಿ, ಮಳೆಯಲ್ಲಿ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ನಡುದಾರಿಯಲ್ಲಿ ನಿಂತಾಗ ಆ ನಾಲ್ಕು ಕಾಸಿನ ಉಳಿತಾಯ ಯಾವ ಲೆಕ್ಕಕ್ಕೂ ಬಾರದು. ಸಾಮಾನಿನ ಆಯ್ಕೆ ಮನೆಯವರ ಪ್ರಾಣದ ಕಾಳಜಿಯೂ ಹೌದು. ಹೊಸ ಕಾಯಿಲ್ ಹಾಕಿ ಮುಗಿಸಿದ ಮೇಲೆ ಇನ್ನೊಂದು ಕೆಲಸ ಮಾತ್ರ ಮರೆಯಬೇಡಿ. ಬಿಲ್ಲನ್ನು ರೇಷನ್ ಕಾರ್ಡಿನ ಜೊತೆ ಎತ್ತಿಡಿ. ಅಸಲಿ ಮಾಲಿನ ಖಾಲಿ ಡಬ್ಬಿಯನ್ನು ನಾಲ್ಕು ತುಂಡಾಗಿ ಹರಿದು ಹಾಕಿ. ಹಾಗೇ ಎಸೆದರೆ ಅದರೊಳಗೆ ನಕಲಿ ಕಾಯಿಲ್ ಕೂತು, ನಾಳೆ ಇನ್ನೊಬ್ಬ ಹೆಣ್ಣುಮಗಳ ಮುಂದೆ ಬಂದು ನಿಂತೀತು.